'ಆ್ಯಂಟಿಕ್' ಈಳಿಗೆಮಣೆ, 'ಇಂಪೋರ್ಟೆಡ್' ಸ್ಪ್ಯಾನರ್!

"ಅಜ್ಜಿಯ ಕಾಲದ ಅಪ್ಪಟ ಈಳಿಗೆಮಣೆ. ನೂರೈವತ್ತು ವರ್ಷ ಹಳೆಯದು. ತುಂಬಾ ರೇರ್. ಬೆಲೆ 4,500 ರೂ. ಮಾತ್ರ!"

ಮೊಬೈಲಿನಲ್ಲಿ ಹಳೆ ಸಾಮಾನು ಮಾರುವ ಯಾವುದೇ ಆ್ಯಪ್ ತೆರೆಯಿರಿ, ಈ ಧಾಟಿಯ ಜಾಹೀರಾತುಗಳು ಸಾಲುಗಟ್ಟಿ ನಿಂತಿರುತ್ತವೆ. ಫೋಟೊ ನೋಡಿದರೆ ನಮ್ಮ ದೊಡ್ಡಬಳ್ಳಾಪುರದ ಸಂತೆಯಲ್ಲಿ ಸಿಗುವಂಥದ್ದೇ ಮಣೆ, ಒಂದಿಷ್ಟು ತುಕ್ಕು ಹಿಡಿದಿದೆ ಅಷ್ಟೆ. ಆ 'ಮಾತ್ರ' ಎಂಬ ಪದ ಓದಿದಾಗ ನನಗಂತೂ ನಗು ಬರುತ್ತದೆ.

ಇದನ್ನೆಲ್ಲ ಯಾರು ಕೊಳ್ತಾರೆ ಅಂತೀರಾ? ಕೊಳ್ಳುವವರಿದ್ದಾರೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆ ಎದ್ದಿರುವ ವಿಲ್ಲಾ, ಅಪಾರ್ಟ್‌ಮೆಂಟ್, ರೆಸಾರ್ಟುಗಳಿಗೆ ಒಂದು 'ಹಳ್ಳಿ ಲುಕ್' ಬೇಕು. ಒನಕೆ, ಬೀಸುಕಲ್ಲು, ಸೇರು, ಪಾವು, ಬಡಗಿಯ ಉಳಿ, ಬಾಚಿ ಎಲ್ಲವೂ ಗೋಡೆ ಏರುತ್ತವೆ. ನೇಕಾರರ ಮನೆಯಲ್ಲಿ ಸವೆದು ಮೂಲೆಗೆ ಬಿದ್ದ ಮರದ ಲಾಳಿಗೆ ಮೇಣದಬತ್ತಿ ನಿಲ್ಲಿಸುವ ತೂತು ಕೊರೆದರೆ ಅದೂ 'ಹೋಂ ಡೆಕೋರ್'. ಅಂದಕ್ಕಾಗಿ ದುಡ್ಡು ಕೊಡುವವರು ಕೊಡಲಿ, ಅದು ಅವರಿಷ್ಟ. ಆದರೆ ಕೆಲಸಕ್ಕೆಂದು ಸಲಕರಣೆ ಕೊಳ್ಳುವವರು ವರ್ಣನೆ ನಂಬಿ ಕೈ ಸುಟ್ಟುಕೊಂಡರೆ ಸುಮ್ಮನಿರುವುದು ಹೇಗೆ?

ನೆಲಮಂಗಲದಲ್ಲಿರುವ ಪರಿಚಯದ ಗೃಹಿಣಿಯೊಬ್ಬರ ಮಗ ಐಟಿಐ ಫಿಟ್ಟರ್ ಮುಗಿಸಿ ಗ್ಯಾರೇಜಿಗೆ ಸೇರುವವನಿದ್ದ. ಟೂಲ್ಸ್ ಸ್ವಂತದ್ದು ಇರಲಿ ಎಂದು ತಾಯಿ ಚೀಟಿ ದುಡ್ಡಿನಲ್ಲಿ ಆನ್‌ಲೈನ್‌ನಿಂದ ಒಂದು ಹಳೆ ಸೆಟ್ ತರಿಸಿದರು. "ಲೈಟ್ಲಿ ಯೂಸ್ಡ್, ಜರ್ಮನ್ ಸ್ಟೀಲ್, ಫುಲ್ ಸೆಟ್" ಎಂಬ ವಿವರಣೆ. ಕೊಟ್ಟದ್ದು 5,200 ರೂಪಾಯಿ. ಬಂದದ್ದೇನು? ಹೆಚ್ಚು ಬಳಕೆಯಾಗುವ ಎರಡು ಸೈಜಿನ ಸ್ಪ್ಯಾನರ್ ಇಲ್ಲವೇ ಇಲ್ಲ. ಇದ್ದವುಗಳ ಬಾಯಿ ಸವೆದು ಅಗಲವಾಗಿತ್ತು. ಸುತ್ತಿಗೆಯ ತಲೆ ಅಲ್ಲಾಡದಿರಲೆಂದು ಕಾವಿನ ತುದಿಗೆ ಬಟ್ಟೆ ತುರುಕಿದ್ದರು! ಹುಡುಗನ ಮೇಷ್ಟ್ರು ನೋಡಿ, "ಇದರಲ್ಲಿ ಬೋಲ್ಟ್ ಬಿಚ್ಚಿದ್ರೆ ಬೋಲ್ಟಿನ ತಲೆ ಹೋಗುತ್ತೆ, ಇಲ್ಲಾ ನಿನ್ನ ಬೆರಳು ಹೋಗುತ್ತೆ" ಅಂದರಂತೆ. ಮಾರಿದವನ ಫೋನ್ ಸ್ವಿಚ್ ಆಫ್. ಕೊನೆಗೆ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿದರೆ ಬಿಲ್ ಸಮೇತ ಹೊಸ ಸೆಟ್ಟೇ ಅದಕ್ಕಿಂತ ಕಡಿಮೆಗೆ ಸಿಕ್ಕಿತು.

"ದುಡ್ಡು ಹೋಯ್ತು ಅನ್ನೋದಕ್ಕಿಂತ, ಮೊದಲನೇ ದಿನವೇ ಮಗ ಬರಿಗೈಲಿ ಕೆಲಸಕ್ಕೆ ಹೋದ್ನಲ್ಲ, ಅದು ಬೇಜಾರು ಕಣ್ರೀ" ಎಂದರು ಆಕೆ.

ಪದಗಳ ಹಿಂದೆ ಏನಿದೆ?

ಹಳೆ ಸಾಮಾನಿನ ಜಾಹೀರಾತಿಗೆ ಅದರದ್ದೇ ಒಂದು ಭಾಷೆ ಇದೆ. 'ಟೆಸ್ಟ್ ಮಾಡಿಲ್ಲ' ಎಂದಿದ್ದರೆ, ಮಾಡಿ ನೋಡಿದ್ದಾರೆ, ಕೆಲಸ ಮಾಡಿಲ್ಲ ಎಂದೇ ಹೆಚ್ಚಿನ ಸಲ ಓದಿಕೊಳ್ಳಬೇಕು. 'ಹೆವಿ ಡ್ಯೂಟಿ' ಎಂದರೆ ಭಾರ ಇದೆ ಎಂದಷ್ಟೆ. ಗಟ್ಟಿ ಇದೆ ಎಂದಲ್ಲ. 'ಇಂಪೋರ್ಟೆಡ್' ಅಂತೂ ಬಲು ಹಳೆಯ ಮಂತ್ರ. 'ಮೇಡ್ ಇನ್ ಯುಎಸ್ಎ' ಎಂದರೆ ಮುಂಬೈ ಹತ್ತಿರದ ಉಲ್ಲಾಸನಗರದ ಮಾಲು ಎಂಬ ತಮಾಷೆ ನಿಮಗೂ ಗೊತ್ತಿರಬಹುದು. ಅಸಲಿಗೆ ನಮ್ಮ ದೇಶದಲ್ಲೇ ಒಳ್ಳೆಯ ಕೈಸಲಕರಣೆ ಆಗುತ್ತದೆ. ಪಂಜಾಬಿನ ಜಲಂಧರ್, ಲೂಧಿಯಾನಾ ಈ ಕೆಲಸಕ್ಕೇ ಹೆಸರಾದ ಊರುಗಳು, ಅಲ್ಲಿಂದ ವಿದೇಶಕ್ಕೂ ಹೋಗುತ್ತದೆ. ಹಾಗಿರುವಾಗ 'ಜರ್ಮನಿ' ಎಂದು ಕೊರೆದಿರುವ ಮಾತ್ರಕ್ಕೆ ಎರಡು ಪಟ್ಟು ಯಾಕೆ ಕೊಡಬೇಕು?

ನಾನು ಹೆಚ್ಚು ಹೆದರುವ ಪದ 'ರಿಸ್ಟೋರ್ಡ್'. ನಿಜವಾಗಿ ಕೆಲಸ ಬಲ್ಲವರು ಹಳೆ ಉಳಿಯನ್ನು ನೀರಿನಲ್ಲಿ ಅದ್ದಿ ಅದ್ದಿ, ತಾಳ್ಮೆಯಿಂದ ಸಾಣೆ ಹಿಡಿಯುತ್ತಾರೆ. ಅವಸರದವರು ಎಲೆಕ್ಟ್ರಿಕ್ ಗ್ರೈಂಡರಿಗೆ ಒತ್ತಿ ಹಿಡಿಯುತ್ತಾರೆ. ಆಗ ಕಬ್ಬಿಣ ಕಾದು ಅಂಚಿಗೆ ನೀಲಿ ಬಣ್ಣ ಬರುತ್ತದೆ. ನೀಲಿ ಬಂತೆಂದರೆ ಅಲ್ಲಿನ ಹದ ಹೋಯಿತು, ಅಂಚು ಮೆತ್ತಗಾಯಿತು ಎಂದೇ ಅರ್ಥ. ಎಷ್ಟು ಸಲ ಮಸೆದರೂ ಹರಿತ ನಿಲ್ಲದು. ನೆಲಮಂಗಲದ ಆ ಸೆಟ್ಟಿನಲ್ಲಿದ್ದ ಉಳಿಯ ಕಥೆಯೂ ಇದೇ. ಫೋಟೊದಲ್ಲಿ ಫಳಫಳ ಹೊಳೆಯುತ್ತಿತ್ತು!

ದಪ್ಪ ಪೇಂಟು ಬಳಿದಿದ್ದರೂ ಅನುಮಾನಿಸಿ. ಬಿರುಕು ಮುಚ್ಚಲು ಅದಕ್ಕಿಂತ ಸುಲಭದ ದಾರಿ ಬೇರಿಲ್ಲ. ಮನೆಗೆ ಬಂದ ಸುತ್ತಿಗೆ, ಪ್ಲೇಯರ್ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ಹಳೆ ಮೆಕ್ಯಾನಿಕ್‌ಗಳ ಉಪಾಯವೊಂದಿದೆ. ಪೇಂಟಿಲ್ಲದ ಜಾಗಕ್ಕೆ ಸೀಮೆಎಣ್ಣೆ ಅಥವಾ ತೆಳುವಾದ ಮಿಷನ್ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿನೊಳಗೆ ಇಳಿದ ಎಣ್ಣೆ ಮೇಲೆ ಒಸರಿ ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಅಡುಗೆಮನೆಯಲ್ಲೇ ಮಾಡಬಹುದು, ಒಲೆಯಿಂದ ದೂರ ಇರಿ ಅಷ್ಟೆ.

ವಯಸ್ಸು ಸುಳ್ಳು ಹೇಳಿದರೆ...

ಹೆಂಗಸರ ವಯಸ್ಸು ಕೇಳಬಾರದು ಅಂತಾರೆ. ಸಾಮಾನಿನ ವಯಸ್ಸನ್ನು ಮಾತ್ರ ಕೇಳಲೇಬೇಕು! ಇದಕ್ಕೆ ಕಣ್ಣು ತೆರೆದಿಟ್ಟುಕೊಂಡರೆ ಸಾಕು. ತಳದಲ್ಲೋ ಹಿಡಿಯಲ್ಲೋ 'ಕರ್ನಾಟಕ' ಎಂದು ಅಚ್ಚಾಗಿದೆಯಾ? ಹಾಗಿದ್ದರೆ ಅದು 1973ರ ನವೆಂಬರ್ 1ರ ನಂತರದ್ದು, ಅದಕ್ಕೂ ಮುಂಚೆ ನಮ್ಮದು ಮೈಸೂರು ರಾಜ್ಯ. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. 'ಬ್ರಿಟಿಷರ ಕಾಲದ ತೂಕದ ಬಟ್ಟು' ಎಂದು ಕಿಲೋಗ್ರಾಂ ಕೊರೆದದ್ದನ್ನು ಮಾರುತ್ತಿದ್ದರೆ ನಕ್ಕು ಮುಂದೆ ಹೋಗಿ. ನಮ್ಮಲ್ಲಿ ಮೆಟ್ರಿಕ್ ತೂಕ ತರುವ ಕಾನೂನು ಬಂದದ್ದೇ 1956ರಲ್ಲಿ, ಅಲ್ಲಿಯವರೆಗೆ ಸೇರು, ಮಣದ ಲೆಕ್ಕ. ಐಎಸ್ಐ ಮುದ್ರೆ ಕೂಡ ಸ್ವಾತಂತ್ರ್ಯದ ನಂತರದ ಸಂಗತಿ. ಇನ್ನು ತಲೆಯ ಮೇಲೆ ಕೂಡಿಸುವ ಚಿಹ್ನೆಯಂತಿರುವ ಸ್ಟಾರ್ ಸ್ಕ್ರೂ. ಅದು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 'ನೂರೈವತ್ತು ವರ್ಷ'ದ ಹಿಡಿಗೆ ಸ್ಟಾರ್ ಸ್ಕ್ರೂ ಹಾಕಿದ್ದರೆ, ಒಂದೋ ಹಿಡಿ ಬದಲಾಗಿದೆ, ಇಲ್ಲವೇ ವಯಸ್ಸು ಸುಳ್ಳು.

ಈಳಿಗೆಮಣೆ, ತುರಿಮಣೆಯ ವಿಚಾರದಲ್ಲಿ ನಮಗಿಂತ ದೊಡ್ಡ ಪರೀಕ್ಷಕರು ಯಾರು ಹೇಳಿ? ವರ್ಷಗಟ್ಟಲೆ ತರಕಾರಿ ಹೆಚ್ಚಿದ ಅಲಗು ನಡುವೆ ಸವೆದು ಒಳಕ್ಕೆ ಬಾಗಿರುತ್ತದೆ. ಮಣೆಯಲ್ಲಿ ಕಾಲೊತ್ತುವ ಜಾಗ ಮಾತ್ರ ನುಣುಪಾಗಿರುತ್ತದೆ. ಉಪ್ಪುನೀರೋ ಆ್ಯಸಿಡ್ಡೋ ಹಾಕಿ ಹಳತು ಮಾಡಿದ್ದಾದರೆ ತುಕ್ಕು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಸವೆತ ಎಲ್ಲೂ ಇರುವುದಿಲ್ಲ. ಹಿತ್ತಾಳೆ ಎಂದು ಹೇಳಿದರೆ ಫ್ರಿಜ್ಜಿನ ಮೇಲಿರುವ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲಕೈಗಾರಿಕೆಯ ವಸ್ತುಗಳು 'ಪುರಾತನ ವಸ್ತು' ಎನಿಸಿಕೊಳ್ಳಬಹುದು. ಅವುಗಳ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ "ನೂರೈವತ್ತು ವರ್ಷ ಹಳೆಯದು" ಎಂದವರನ್ನು "ಲೈಸೆನ್ಸ್ ಇದೆಯಾ ಸಾರ್?" ಎಂದು ಕೇಳಿ ನೋಡಿ. ವಯಸ್ಸು ತಾನಾಗಿಯೇ ಇಳಿಯುತ್ತದೆ!

ಹೊಲಿಗೆ ಯಂತ್ರದ ಕಥೆಯನ್ನೂ ಇಲ್ಲಿ ಹೇಳಲೇಬೇಕು. 2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಒಂದು ಗಾಳಿಸುದ್ದಿ ಹಬ್ಬಿತು. ಹಳೆ ಸಿಂಗರ್ ಮಿಷನ್‌ಗಳ ಒಳಗೆ 'ಕೆಂಪು ಪಾದರಸ' ಇದೆ, ಸೂಜಿಯ ಹತ್ತಿರ ಮೊಬೈಲ್ ಹಿಡಿದರೆ ಲೈನ್ ಕಟ್ಟಾಗುತ್ತದೆ ಎಂದು. ಜನ ಮೊಬೈಲ್ ಹಿಡಿದುಕೊಂಡು ಮಾರುಕಟ್ಟೆಗೆ ನುಗ್ಗಿದರು, ಮೂಲೆಯಲ್ಲಿ ಬಿದ್ದಿದ್ದ ಮಿಷನ್‌ಗಳಿಗೆ ಲಕ್ಷಗಟ್ಟಲೆ ಬೆಲೆ ಬಂತು. ಅಂಥ ಪಾದರಸವೇ ಇರಲಿಲ್ಲ. ನಾವು ನಗುವ ಹಾಗಿಲ್ಲ, ನಮ್ಮಲ್ಲೂ ಅಕ್ಕಿ ಎಳೆಯುವ ತಾಮ್ರದ ಚೊಂಬು ಎಂದು 'ರೈಸ್ ಪುಲ್ಲಿಂಗ್' ಹೆಸರಲ್ಲಿ ಲಕ್ಷ ಲಕ್ಷ ಕಳೆದುಕೊಂಡವರಿದ್ದಾರೆ. ಅಂದಹಾಗೆ, ಸಿಂಗರ್ ಮಿಷನ್‌ಗೆ ಸೀರಿಯಲ್ ನಂಬರ್ ಕೊರೆದಿರುತ್ತದೆ, ಅದರಿಂದ ತಯಾರಾದ ವರ್ಷ ಹೆಚ್ಚುಕಡಿಮೆ ತಿಳಿಯುತ್ತದೆ. ಮಾರುವವರು ಆ ನಂಬರಿನ ಫೋಟೊ ಕಳಿಸಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆ ಸರಿಯಿರಿ.

ಬೆಲೆ ಯಾರು ಕಟ್ಟಿದ್ದು?

ಆ್ಯಪ್‌ನಲ್ಲಿ ನೀವು ನೋಡುವುದು ಕೇಳುವ ಬೆಲೆ. ಮಾರಾಟವಾದ ಬೆಲೆ ಅಲ್ಲ. ಒಬ್ಬರು 4,500 ಎಂದು ಹಾಕಿದರೆ ಇನ್ನೊಬ್ಬರು ಅದನ್ನು ನೋಡಿ 5,000 ಹಾಕುತ್ತಾರೆ. ಎರಡೂ ಆರು ತಿಂಗಳಿಂದ ಮಾರಾಟವಾಗದೆ ಅಲ್ಲೇ ಬಿದ್ದಿರುತ್ತವೆ. ಆದರೂ ನಮ್ಮ ಮನಸ್ಸು "ಓ, ರೇಟ್ ಇಷ್ಟೇ ಇರಬೇಕು" ಎಂದು ಒಪ್ಪಿಕೊಂಡುಬಿಡುತ್ತದೆ. ಹಳೆಯ ಸಾಮಾನಿಗೆ ಎಂಆರ್‌ಪಿ ಇರುವುದಿಲ್ಲವಲ್ಲ, ಅದೇ ಅವರಿಗೆ ಅನುಕೂಲ. ಹಾಗಾಗಿ ಮೊದಲು ಅದೇ ಸಾಮಾನು ಹೊಸದಕ್ಕೆ ಎಷ್ಟು ಎಂದು ಊರಿನ ಅಂಗಡಿಯಲ್ಲಿ ಕೇಳಿ. ನನ್ನ ಲೆಕ್ಕದಲ್ಲಿ ಬಳಸಿದ ಕೈಸಲಕರಣೆಗೆ ಹೊಸದರ ಅರ್ಧಕ್ಕಿಂತ ಹೆಚ್ಚು ಕೊಡಬಾರದು. ಕೊರಿಯರ್ ಚಾರ್ಜನ್ನೂ ಸೇರಿಸಿಯೇ ಲೆಕ್ಕ ಹಾಕಿ, ಕಬ್ಬಿಣ ಭಾರ. ಮುಟ್ಟಿ ನೋಡಿಯೇ ಕೊಳ್ಳಬೇಕು ಅನ್ನುವವರಿಗೆ ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೆ ಬಜಾರ್ ಇದೆ. ಅಲ್ಲಿಯೂ ಚೌಕಾಸಿ ಬರಬೇಕು, ಅದನ್ನು ನಿಮಗೆ ಹೇಳಿಕೊಡಬೇಕೇ?

ದುಡ್ಡು ಕೊಡುವ ಮುನ್ನ ಮಾರುವವರಿಗೆ ಮೆಸೇಜಿನಲ್ಲೇ ಪ್ರಶ್ನೆ ಕೇಳಿ: ಎಷ್ಟು ತೂಕ, ಬಿರುಕಿದೆಯಾ, ಯಾವ ಸೈಜ್ ಇಲ್ಲ, ವಾಪಸ್ ತಗೋತೀರಾ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇಲ್ಲ, ಮೆಸೇಜಿಗೆ ಇದೆ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅಳಿಸಿಬಿಡುತ್ತಾರೆ. ಪಾರ್ಸೆಲ್ ಬಿಚ್ಚುವಾಗ ಮಕ್ಕಳ ಕೈಲಿ ವಿಡಿಯೊ ಮಾಡಿಸಿ. "ನಾನು ಮಿಲಿಟರಿಯವನು, ಟ್ರಾನ್ಸ್‌ಫರ್ ಆಗಿದೆ, ಅಡ್ವಾನ್ಸ್ ಹಾಕಿ" ಎನ್ನುವವರ ಹತ್ತಿರ ಮಾತೇ ಬೇಡ. ನೀವೇ ಮಾರುವಾಗಲೂ ಅಷ್ಟೆ, ದುಡ್ಡು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಒತ್ತಿದರೆ ಹೋಗುವುದು ನಿಮ್ಮ ದುಡ್ಡು. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕಾನೂನು ಯಾರ ಕಡೆ?

ಇಲ್ಲಿ ಒಂದು ಸೂಕ್ಷ್ಮ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವರ್ಣಿಸಿದಂತೆ ಇಲ್ಲದ ಅಥವಾ ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು, ಹಣ ಹಿಂತಿರುಗಿಸಲು ವ್ಯಾಪಾರಿ ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ತನ್ನ ಮನೆಯ ಹಳೆ ಸಾಮಾನನ್ನು ಎಂದೋ ಒಮ್ಮೆ ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಬೇಕೆಂದೇ ಮೋಸ ಮಾಡಿದ್ದರೆ ಪೊಲೀಸರ ಹತ್ತಿರವೇ ಹೋಗಬೇಕು. ಅದಕ್ಕೇ ಕೊಳ್ಳುವ ಮೊದಲು ಆ ಹೆಸರಿನಲ್ಲಿ ಬೇರೆ ಏನೇನು ಮಾರಾಟಕ್ಕಿದೆ ನೋಡಿ. ಇಪ್ಪತ್ತು ಸುತ್ತಿಗೆ, ಮೂವತ್ತು ಈಳಿಗೆಮಣೆ ಇದ್ದರೆ ಅವರು 'ಮನೆ ಖಾಲಿ ಮಾಡುತ್ತಿರುವವರು' ಅಲ್ಲ, ವ್ಯಾಪಾರಿಗಳೇ. ಆ ಪುಟದ ಸ್ಕ್ರೀನ್‌ಶಾಟ್ ಕೂಡ ಮುಂದೆ ಉಪಯೋಗಕ್ಕೆ ಬರುತ್ತದೆ.

ವ್ಯಾಪಾರಿ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ಮಾರಿದವನು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. 2025ರಿಂದ 'ಇ-ಜಾಗೃತಿ'ಯಲ್ಲಿ ಆನ್‌ಲೈನ್ ದೂರಿಗೂ ಅವಕಾಶ ಇದೆ. ಜೀವನೋಪಾಯಕ್ಕೆ ಸ್ವಂತ ದುಡಿಮೆ ಮಾಡಲು ಸಲಕರಣೆ ಕೊಂಡವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ. ಟೈಲರಿಂಗ್ ಮಾಡುವ ಅಕ್ಕಂದಿರು, ಗ್ಯಾರೇಜಿನ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಮಾರುವ ಕಡೆಯವರ ಮಾತು. ಹೊಸಕೋಟೆ, ದೇವನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಅಟ್ಟ ಖಾಲಿ ಮಾಡುವಾಗ ಅತ್ತೆಯ ಕಾಲದ ತುರಿಮಣೆ, ಮಾವನವರ ಉಳಿ-ಬಾಚಿ ಎಲ್ಲವನ್ನೂ ಗುಜರಿಯವರಿಗೆ ಕೆ.ಜಿ. ಲೆಕ್ಕದಲ್ಲಿ ಹಾಕಿಬಿಡುತ್ತೇವೆ. ಅದೇ ಸಾಮಾನು ಆಮೇಲೆ 'ರೇರ್' ಆಗಿ ಸಾವಿರದ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಗಾಡಿ ಕರೆಯುವ ಮೊದಲು ಒಂದೊಂದನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ತೂಕ ಬರೆದು, ಬಿರುಕಿದ್ದರೆ ಬಿರುಕಿದೆ ಎಂದೇ ಬರೆದು ನೀವೇ ಹಾಕಿ ನೋಡಿ. ಹೋಗದೆ ಉಳಿದದ್ದನ್ನು ಗುಜರಿಗೆ ಕೊಡಿ. ಕೊಡುವಾಗ ಹಿತ್ತಾಳೆ, ತಾಮ್ರ, ಕಬ್ಬಿಣ ಬೇರೆ ಬೇರೆ ತೂಗಿಸಿ. ಮೂರನ್ನೂ ಒಂದೇ ಚೀಲಕ್ಕೆ ಹಾಕಿದರೆ ಮೂರಕ್ಕೂ ಕಬ್ಬಿಣದ ರೇಟೇ ಕಟ್ಟುತ್ತಾರೆ.