ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ: ಸಣ್ಣ ರಂಧ್ರದಿಂದಲೋ, ಹೊಟ್ಟೆ ತೆರೆದೋ?

ಹೊಟ್ಟೆಯ ಮೇಲಿನ ಗಾಯ ಚಿಕ್ಕದಾದಷ್ಟೂ ಅಪಾಯವೂ ಚಿಕ್ಕದು ಎಂಬ ನಂಬಿಕೆ ಸಾರ್ವಜನಿಕರಲ್ಲಿದೆ. ಪಿತ್ತಕೋಶದ ಕಲ್ಲಿನ ಮಟ್ಟಿಗೆ ಈ ನಂಬಿಕೆಗೆ ಆಧಾರವುಂಟು. ಮೇದೋಜೀರಕ ಗ್ರಂಥಿಯ ವಿಷಯದಲ್ಲಿ ಮಾತ್ರ, ರೋಗವು ಗ್ರಂಥಿಯ ಯಾವ ಭಾಗದಲ್ಲಿದೆ ಎಂದು ತಿಳಿಯದೆ ಹೀಗೆ ಹೇಳಲಾಗದು.

ಜಠರದ ಹಿಂದೆ ಅಡ್ಡಲಾಗಿರುವ ಈ ಗ್ರಂಥಿಯ ಬಲಭಾಗವನ್ನು ತಲೆಯೆಂದೂ ಎಡತುದಿಯನ್ನು ಬಾಲವೆಂದೂ ಕರೆಯುತ್ತಾರೆ. ಬಾಲವನ್ನು ತೆಗೆದ ಬಳಿಕ ಕರುಳನ್ನು ಮರುಜೋಡಿಸುವ ಕೆಲಸವಿರುವುದಿಲ್ಲ. ಆದುದರಿಂದ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಿ ಮಾಡುವ ಲ್ಯಾಪರೋಸ್ಕೋಪಿ ಇಲ್ಲಿ ಚೆನ್ನಾಗಿ ಹೊಂದುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಲೆಪರ್ಡ್ ಅಧ್ಯಯನದಲ್ಲಿ, ಸ್ವತಃ ಓಡಾಡಿ ಆಹಾರ ಸೇವಿಸುವ ಸ್ಥಿತಿಗೆ ಬರಲು ರಂಧ್ರ ವಿಧಾನದವರಿಗೆ ಸಾಮಾನ್ಯವಾಗಿ 4 ದಿನ, ಹೊಟ್ಟೆ ತೆರೆಸಿಕೊಂಡವರಿಗೆ 6 ದಿನ ಹಿಡಿಯಿತು.

ತಲೆಭಾಗದ ಗಡ್ಡೆಯ ಕಥೆ ಬೇರೆ. ವಿಪಲ್ ಎಂದು ಹೆಸರಾದ ಈ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ಹಾಗೂ ಪಿತ್ತನಾಳದ ಒಂದು ಭಾಗವನ್ನು ತೆಗೆಯಲಾಗುತ್ತದೆ. ಅನಂತರ ಉಳಿದ ಗ್ರಂಥಿ, ಪಿತ್ತನಾಳ ಮತ್ತು ಜಠರವನ್ನು ಕರುಳಿಗೆ ಹೊಲಿಯಬೇಕು. ಈ ಮೂರು ಜೋಡಣೆಗಳಲ್ಲಿ ಗ್ರಂಥಿಯದೇ ಅತಿ ಕಷ್ಟದ್ದು. ಅದರ ನಾಳ ಕೆಲವೇ ಮಿಲಿಮೀಟರ್ ಅಗಲ. ಗ್ರಂಥಿ ಮೃದುವಾಗಿದ್ದರೆ ಹೊಲಿಗೆ ಸರಿಯಾಗಿ ನಿಲ್ಲದು. ಅಲ್ಲಿಂದ ಸೋರುವ ರಸ ಮಾಂಸವನ್ನೇ ಜೀರ್ಣಿಸುವಂಥದು. ರಕ್ತನಾಳವನ್ನು ಕೊರೆದರೆ ಪ್ರಾಣಾಪಾಯ. ಹೊರಗಿನ ಗಾಯ ಎಷ್ಟೇ ಕಿರಿದಾದರೂ ಒಳಗಿನ ಈ ಕೆಲಸ ಕಿರಿದಾಗುವುದಿಲ್ಲ.

ತಲೆಭಾಗದ ಕುರಿತ ಲೆಪರ್ಡ್-2 ಅಧ್ಯಯನವನ್ನು ಡಚ್ ವೈದ್ಯರು ನಡುವೆಯೇ ನಿಲ್ಲಿಸಿದರು. 90 ದಿನಗಳೊಳಗೆ ರಂಧ್ರ ವಿಧಾನದ 50 ರೋಗಿಗಳಲ್ಲಿ 5 ಮಂದಿ, ತೆರೆದ ವಿಧಾನದ 49ರಲ್ಲಿ ಒಬ್ಬರು ತೀರಿಕೊಂಡಿದ್ದರು. ಸಂಖ್ಯೆ ಚಿಕ್ಕದು, ಅಂತಿಮ ತೀರ್ಮಾನಕ್ಕೆ ಸಾಲದು. ಮುಂದುವರಿಸದಿರಲು ಮಾತ್ರ ಸಾಕಾಯಿತು. ಇತ್ತ ಕೊಯಮತ್ತೂರಿನಲ್ಲಿ ಡಾ. ಸಿ. ಪಳನಿವೇಲು ಅವರ ತಂಡ 64 ರೋಗಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆ ವಾಸ 13 ದಿನಗಳಿಂದ 7ಕ್ಕೆ ಇಳಿದಿತ್ತು. ತೊಡಕುಗಳು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿದ್ದವು. ಆ ತಂಡಕ್ಕೆ ಈ ವಿಧಾನದಲ್ಲಿ ದೀರ್ಘ ಅನುಭವವಿತ್ತೆಂಬುದನ್ನು ಮರೆಯಬಾರದು.

ಆದುದರಿಂದ, "ಲ್ಯಾಪರೋಸ್ಕೋಪಿ ಇದೆಯೇ?" ಎಂಬುದಕ್ಕಿಂತ, "ಈ ಶಸ್ತ್ರಚಿಕಿತ್ಸೆ ಇಲ್ಲಿ ವರ್ಷಕ್ಕೆ ಎಷ್ಟು ನಡೆಯುತ್ತದೆ?" ಎಂದು ರೋಗಿಯ ಮನೆಯವರು ಕೇಳುವುದು ಲೇಸು. ರಂಧ್ರದ ಸೌಲಭ್ಯವಿಲ್ಲವೆಂದು ತಲೆಭಾಗದ ಗಡ್ಡೆಯ ಚಿಕಿತ್ಸೆಯನ್ನು ಮುಂದೂಡುವುದಾಗಲಿ, ಅದಕ್ಕಾಗಿಯೇ ಜಮೀನು ಅಡವಿಡುವುದಾಗಲಿ ಸಲ್ಲದು. ರಂಧ್ರದಿಂದ ಆರಂಭಿಸಿದ ವೈದ್ಯರು ನಡುವೆ ಹೊಟ್ಟೆ ತೆರೆದರೆ ಅದನ್ನು ಲೋಪವೆಂದು ಬಗೆಯಬಾರದು. ಬಹುತೇಕ ಸಂದರ್ಭಗಳಲ್ಲಿ ಅದು ಪ್ರಾಣರಕ್ಷಣೆಯ ನಿರ್ಧಾರ.

ಬಾಲದೊಂದಿಗೆ ಗುಲ್ಮವನ್ನೂ ತೆಗೆಯುವ ಯೋಜನೆಯಿದ್ದಲ್ಲಿ, ನ್ಯುಮೋಕಾಕಸ್ ಮುಂತಾದ ಸೋಂಕುಗಳ ಲಸಿಕೆಯನ್ನು ಸಾಧ್ಯವಾದಷ್ಟೂ ಎರಡು ವಾರ ಮೊದಲೇ ಪಡೆಯಬೇಕಾಗುತ್ತದೆ. ಈ ಬಗ್ಗೆ ಆಶಾ ಕಾರ್ಯಕರ್ತೆಯರು ಮನೆಯವರಿಗೆ ನೆನಪಿಸುವುದು.