ಹಗಲ ನಿದ್ದೆಗೆ ಮನೆಯಲ್ಲೇ ಕಿಟಕಿ ಪರದೆ. ಹಗ್ಗದ ಮೇಲೆ ಇರಲಿ ನಿಗಾ

ಇಚಲಕರಂಜಿ: ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದ ಮಗ್ಗದ ಕಾರ್ಮಿಕನಿಗೆ ಹಗಲೇ ರಾತ್ರಿ. ಮೈ ದಣಿದಿರುತ್ತದೆ, ಆದರೆ ಕಿಟಕಿಯ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ. ‘ಹಗಲೊತ್ತ ನಿದ್ದಿ ಹತ್ತೂದ ಹ್ಯಾಂಗ್ರಿ?’ ಎಂಬ ಮಾತು ಇಲ್ಲಿಯ ಕನ್ನಡ ಮನೆಗಳಿಗೆ ಹೊಸದಲ್ಲ.

1904ರಲ್ಲಿ ಮೊದಲ ಪವರ್‌ಲೂಮ್ ಕಂಡು, ಮುಂದೆ ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರಿದು. ಬಟ್ಟೆಗೆ ಬರವಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರವಿದ್ದು, ಒಂದು ಡ್ರಿಲ್ ಮಶೀನು ಸಿಕ್ಕರೆ ಸುತ್ತಿ ಮೇಲೆತ್ತುವ ಪರದೆ, ಅಂದರೆ ಬ್ಲೈಂಡ್, ಹಾಕುವುದು ರಜೆಯ ಒಂದು ದಿನದ ಕೆಲಸ.

ಅಳತೆಯೇ ಅರ್ಧ ಕೆಲಸ

ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಮೂರೂ ಒಂದೇ ಬರುವುದು ಅಪರೂಪ. ಚೌಕಟ್ಟಿನ ಒಳಗೇ ಕೂಡಿಸುವುದಾದರೆ ಕಡಿಮೆ ಬಂದ ಅಳತೆ ಹಿಡಿದು, ಅದರಲ್ಲೂ 1 ಸೆಂ.ಮೀ. ಕಳೆಯಿರಿ, ಪರದೆ ಬದಿಗೆ ಉಜ್ಜುವುದಿಲ್ಲ. ಹಗಲ ನಿದ್ದೆಗೆ ಕತ್ತಲೆ ಬೇಕೆಂದರೆ ಚೌಕಟ್ಟಿನ ಹೊರಗೆ, ಗೋಡೆಗೇ ಹಾಕುವುದು ಒಳ್ಳೆಯದು. ಆಗ ಎರಡೂ ಬದಿಗೆ 7-8 ಸೆಂ.ಮೀ. ಹೆಚ್ಚು ಇಟ್ಟರೆ ಸಂದಿಯ ಬೆಳಕು ನಿಲ್ಲುತ್ತದೆ. ಕಿಟಕಿ ಬಾಗಿಲು ಒಳಗೆ ತೆರೆಯುವಂತಿದ್ದರೆ ಅದಕ್ಕೆ ತಾಗದಷ್ಟು ಮೇಲೆ ಗುರುತು ಹಾಕಿರಿ.

ಗೋಡೆ ನೋಡಿ ಡ್ರಿಲ್ ಹಿಡಿಯಿರಿ

ಕೊಲ್ಹಾಪುರದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟಲ್ ಇರುತ್ತದೆ. ಸಾದಾ ಡ್ರಿಲ್ಲಿಗೆ ಅದು ಜಗ್ಗುವುದಿಲ್ಲ, ಹ್ಯಾಮರ್ ಡ್ರಿಲ್ಲೇ ಬೇಕು. 8 ಮಿ.ಮೀ. ಗಿಟ್ಟಿಗೆ 8 ಮಿ.ಮೀ. ಬಿಟ್ಟು, ತೂತು ಗಿಟ್ಟಿಗಿಂತ ತುಸು ಆಳವಿರಲಿ. ಒಳಗಿನ ಪುಡಿ ತೆಗೆದ ಮೇಲೆಯೇ ಗಿಟ್ಟಿ ಬಡಿಯಿರಿ. ಸ್ವಿಚ್ ಬೋರ್ಡಿನ ನೇರಕ್ಕೆ ತೂತು ಬೇಡ, ಒಳಗೆ ವೈರು ಹೋಗಿರುತ್ತದೆ.

ಗಡಹಿಂಗ್ಲಜ ಕಡೆಯ ಹಳೆಯ ಕಲ್ಲು-ಮಣ್ಣಿನ ಮನೆಗಳ ಮಾತೇ ಬೇರೆ. ಮಣ್ಣಿನ ಸಂದಿಯಲ್ಲಿ ಗಿಟ್ಟಿ ನಿಲ್ಲುವುದಿಲ್ಲ. ಅಲ್ಲಿ ಕಟ್ಟಿಗೆಯ ಚೌಕಟ್ಟಿಗೇ ಸ್ಕ್ರೂ ಹಾಕುವುದು ಗಟ್ಟಿ. ಎರಡೂ ಕಡೆ ಒಂದೇ ಮಟ್ಟ ಬರಲು ಗವಂಡಿಗಳು ಬಳಸುವ ನೀರಿನ ಪೈಪು ಸಾಕು. ಹಳೆಯ ಕಿಟಕಿ ವಾಲಿರಬಹುದು. ಅದನ್ನು ನಂಬಿ ಗುರುತು ಹಾಕಿದರೆ ಪರದೆಯೂ ವಾಲುತ್ತದೆ.

ಬಟ್ಟೆಯ ಪರದೆ ಹೀಗೆ

ಹತ್ತಿ ಬಟ್ಟೆ ತೊಳೆದರೆ ಕುಗ್ಗುತ್ತದೆ. ಹಾಗಾಗಿ ಮೊದಲು ತೊಳೆದು ಒಣಗಿಸಿ, ಆಮೇಲೆ ಕತ್ತರಿ ಹಾಕಿರಿ. ಒಂದು ಪದರಿನ ತೆಳು ಪಾಪ್ಲಿನ್ ಬೆಳಕು ತಡೆಯದು. ಎರಡು ಪದರು ಹೊಲಿದು, ಗಾಜಿನ ಕಡೆ ಬಿಳಿ, ಕೋಣೆಯ ಕಡೆ ದಟ್ಟ ಬಣ್ಣ ಇಟ್ಟರೆ ಬಿಸಿಲೂ ತಿರುಗುತ್ತದೆ, ಕತ್ತಲೆಯೂ ಆಗುತ್ತದೆ. ಮೇಲಿನ ಅಂಚನ್ನು ಕಟ್ಟಿಗೆಯ ಪಟ್ಟಿಗೆ ಮೊಳೆ ಹೊಡೆದು, ಆ ಪಟ್ಟಿಯನ್ನು ಗೋಡೆಗೋ ಚೌಕಟ್ಟಿಗೋ ಸ್ಕ್ರೂ ಹಾಕಿ ಬಿಗಿಯಬೇಕು. ಕೆಳಗಿನ ಮಡಿಕೆಯಲ್ಲಿ ಕೋಲು ತೂರಿಸಿದರೆ ಗಾಳಿಗೆ ಹಾರುವುದಿಲ್ಲ.

ಪಡುವಣ ಬಿಸಿಲು ಬಡಿಯುವ ಕಿಟಕಿಗೆ ಹೊರಗೆ ಬಿದಿರಿನ ಚಿಕ್ ಹಾಕುವುದು ಇನ್ನೂ ತಂಪು. ಬಿಸಿಲು ಗಾಜು ದಾಟಿದ ಮೇಲೆ ತಡೆಯುವುದಕ್ಕಿಂತ ಮುಂಚೆಯೇ ತಡೆಯುವುದು ಮೇಲು. ಜೂನ್‌ನಲ್ಲಿ ಮಳೆ ಹಿಡಿಯುವ ಮುಂಚೆ ಅದನ್ನು ಇಳಿಸಿಡಿ, ಇಲ್ಲವಾದರೆ ಬೂಸು ಹಿಡಿಯುತ್ತದೆ.

ಕೂಸಿರುವ ಮನೆಯಲ್ಲಿ ಹಗ್ಗ ಬೇಡ

ಅಂಗಡಿಯ ಬ್ಲೈಂಡಿಗೆ ಎತ್ತಿ ಇಳಿಸಲು ಹಗ್ಗ ಅಥವಾ ಮಣಿಸರದ ಕುಣಿಕೆ ಜೋತಿರುತ್ತದೆ. ಆಟವಾಡುವ ಕೂಸಿನ ಕುತ್ತಿಗೆಗೆ ಅದು ಬಿದ್ದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಎರವು. ಉಸಿರು ಕಟ್ಟಿದ ಕೂಸು ಕೂಗಲಾರದು. ಪಕ್ಕದ ಕೋಣೆಯಲ್ಲಿದ್ದ ತಾಯಿಗೂ ಗೊತ್ತಾಗದು. ಅಮೆರಿಕದಲ್ಲಿ ಇಂಥ ಸಾವುಗಳು ಸಂಭವಿಸಿದ ಬಳಿಕ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡುಗಳಿಗೆ ಹಗ್ಗವೇ ಇರಬಾರದು, ಇದ್ದರೂ ಕೈಗೆ ಸಿಗಬಾರದು ಎಂಬ ಮಾನದಂಡ 2018ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು.

ಮನೆಯಲ್ಲಿ ಹೊಲಿದ ಪರದೆಗೆ ಹಗ್ಗದ ಅಗತ್ಯವೇ ಇಲ್ಲ. ಮೇಲಿನ ಕಟ್ಟಿಗೆ ಪಟ್ಟಿಗೆ ಗೇಣುದ್ದದ ಎರಡು ವೆಲ್ಕ್ರೋ ಪಟ್ಟಿ ಹಚ್ಚಿ, ಚಾಪೆಯಂತೆ ಸುತ್ತಿದ ಪರದೆಯನ್ನು ಅದರಲ್ಲಿ ಬಿಗಿದರಾಯಿತು. ಈಗಾಗಲೇ ಹಗ್ಗದ ಬ್ಲೈಂಡ್ ಇದ್ದ ಮನೆಯವರು ನೆಲದಿಂದ ಐದಡಿ ಮೇಲೆ ಗೋಡೆಗೆ ಕೊಕ್ಕೆ ಹೊಡೆದು, ಉಪಯೋಗಿಸಿದಾಗಲೊಮ್ಮೆ ಹಗ್ಗ ಅದಕ್ಕೆ ಸುತ್ತಬೇಕು. ಮಣಿಸರದ ಕುಣಿಕೆಯನ್ನು ಗೋಡೆಗೆ ಬಿಗಿಯಾಗಿ ಹಿಡಿಸಿರಬೇಕು. ತೊಟ್ಟಿಲು, ಮಂಚ, ಕುರ್ಚಿ ಕಿಟಕಿಯಿಂದ ದೂರ ಇರಲಿ.

ಪಾಳಿ ಮುಗಿಸಿ ಬಂದವರು ಮಲಗುವ ಕೋಣೆಯಲ್ಲೇ ಮಕ್ಕಳೂ ಆಡುವ ಮನೆಗಳು ಬಹಳ. ಪರದೆ ಇಳಿಸಿ ಮಲಗುವ ಮುಂಚೆ ಹಗ್ಗ ಮೇಲಿದೆಯೋ ಇಲ್ಲವೋ ಒಮ್ಮೆ ನೋಡಿಕೊಳ್ಳಿರಿ.