ಹಲವು ಕಿರಣ, ಒಂದೇ ಚುಕ್ಕೆ

ಕಾರ್ಡಿನ ಮೇಲೆ ಮೊದಲು ಕಂಡದ್ದು ಮಂಕಾದ ಒಂದು ಉದ್ದ ಗೆರೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿದ್ದಲ್ಲಿ ಹೊಳೆಯುವ ಕಾರ್ಡು ಅದು. ಲೇಸರ್ ಪ್ರಯೋಗಾಲಯದ ಸಂಶೋಧಕಿ ಮೇಜಿನ ತುದಿಯ ಕನ್ನಡಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಗೆರೆ ಕುಗ್ಗಿತು, ಇನ್ನೂ ಕುಗ್ಗಿತು, ಥಟ್ಟನೆ ಒಂದೇ ಚುಕ್ಕೆಯಾಗಿ ಬೆಳಗಿತು. ‘ಈಗ ಎಲ್ಲವೂ ಒಂದೇ ದಾರಿಗೆ ಬಂದವು ನೋಡಿ ಸರ್’ ಎಂದರು. ವಾರ ಕಳೆದರೂ ಆ ಚುಕ್ಕೆ ನನ್ನ ಕಣ್ಣಲ್ಲೇ ಇದೆ.

ಲೇಸರ್‌ಗಳನ್ನು ಪಕ್ಕಪಕ್ಕ ಜೋಡಿಸಿ ಶಕ್ತಿ ಹೆಚ್ಚಿಸುವುದು ಕಷ್ಟವಲ್ಲ. ಆದರೆ ಆ ಕಿರಣ ಸೌದೆ ಹೊರೆಯಂತೆ ದಪ್ಪ. ಎಂಥ ಲೆನ್ಸ್ ಇಟ್ಟರೂ ಸಣ್ಣ ಬಿಂದುವಿಗೆ ಇಳಿಯದು. ಉಕ್ಕಿನ ತಗಡು ಕತ್ತರಿಸುವವರಿಗೆ ಬೇಕಾದದ್ದೇ ಆ ಬಿಂದು. ಹಾಗಾಗಿ ಬರೀ ಕಿಲೋವಾಟ್ ಹೇಳುವ ಜಾಹೀರಾತನ್ನು ನಾನು ಪೂರ್ತಿ ನಂಬುವುದಿಲ್ಲ. ಕಿರಣದ ಗುಣಮಟ್ಟದ ಅಳತೆಯಾದ ‘ಎಂ ಸ್ಕ್ವೇರ್’ ಎಷ್ಟೆಂದು ಕೇಳಬೇಕು. ಅದು 1ಕ್ಕೆ ಹತ್ತಿರವಾದಷ್ಟೂ ಕಿರಣ ಒಳ್ಳೆಯದು.

ಇಲ್ಲಿ ನೆರವಾಗುವುದು ಗ್ರೇಟಿಂಗ್, ಅಂದರೆ ಸಮದೂರದಲ್ಲಿ ಒತ್ತಾಗಿ ಗೆರೆಗಳಿರುವ ಸಾಧನ. 1785ರಲ್ಲಿ ಫಿಲಡೆಲ್ಫಿಯಾದ ಡೇವಿಡ್ ರಿಟನ್‌ಹೌಸ್ ಎರಡು ಸಣ್ಣ ತಿರುಪುಗಳ ಎಳೆಗಳ ಮೇಲೆ ಕೂದಲುಗಳನ್ನು ಸಾಲಾಗಿ ಬಿಗಿದು ಇಂಥದೊಂದನ್ನು ಮಾಡಿದ್ದರು. ರೇಷ್ಮೆ ಕರವಸ್ತ್ರದ ಮೂಲಕ ಬೀದಿದೀಪ ನೋಡಿದ ಫ್ರಾನ್ಸಿಸ್ ಹಾಪ್ಕಿನ್‌ಸನ್ ಕೇಳಿದ ಪ್ರಶ್ನೆಯೇ ಅದಕ್ಕೆ ಕಾರಣ. ಕೂದಲು, ಕರವಸ್ತ್ರ, ಬೀದಿದೀಪ! ಇಷ್ಟು ಬಡ ಸಾಮಗ್ರಿಯಿಂದ ಹುಟ್ಟಿದ ವಿಜ್ಞಾನದ ಮೇಲೆ ನನಗೆ ವಿಶೇಷ ಮಮತೆ.

ಗ್ರೇಟಿಂಗ್ ಬಣ್ಣಗಳನ್ನು ಬಿಡಿಸುತ್ತದೆ. ಹಿಮ್ಮುಖವಾಗಿ ಬಳಸಿದರೆ ಕೂಡಿಸುತ್ತದೆ. ಎಂಐಟಿಯ ಲಿಂಕನ್ ಪ್ರಯೋಗಾಲಯದವರು 2000ದಲ್ಲಿ ಲೇಸರ್ ಡಯೋಡ್‌ಗಳ ಸಾಲೊಂದನ್ನು ಹೀಗೆ ಕೂಡಿಸಿದ್ದನ್ನು ಪ್ರಕಟಿಸಿದರು. ಗ್ರೇಟಿಂಗ್ ಆಚೆಗಿನ ಅರೆಪಾರದರ್ಶಕ ಕನ್ನಡಿ ಸ್ವಲ್ಪ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಯಾವ ಡಯೋಡಿಗೆ ಯಾವ ತರಂಗಾಂತರ ಮರಳುತ್ತದೋ ಅದು ಅದರಲ್ಲೇ ಬೆಳಗುತ್ತದೆ. ಎಲ್ಲ ಕಿರಣಗಳೂ ಒಂದರ ಮೇಲೊಂದು ಕೂರುತ್ತವೆ; ಹೊರೆ ದಪ್ಪವಾಗುವುದಿಲ್ಲ.

ಕೂಡಿಸುವ ಗ್ರೇಟಿಂಗೇ ಕೆಡಿಸಲೂ ಬಲ್ಲದು. ಯಾವ ಡಯೋಡಿನ ಬೆಳಕೂ ಪೂರ್ತಿ ಒಂದೇ ತರಂಗಾಂತರದ್ದಲ್ಲ. ಆ ಸಣ್ಣ ಹರವನ್ನೂ ಗ್ರೇಟಿಂಗ್ ಕೋನವಾಗಿ ಹರಡಿಬಿಡುತ್ತದೆ. ಪ್ರತಿ ಕಿರಣದ ಹರವನ್ನು ಕಿರಿದಾಗಿಸುವುದು ಒಂದು ಉಪಾಯ. ಮೊದಲನೆಯದು ಹರಡಿದ್ದನ್ನು ಎರಡನೆಯ ಗ್ರೇಟಿಂಗ್‌ನಿಂದ ಸರಿದೂಗಿಸುವುದು ಇನ್ನೊಂದು. ನನಗೆ ಎರಡನೆಯದೇ ಸೊಗಸು. ಶಕ್ತಿ ಹೆಚ್ಚಿದಂತೆ ಗ್ರೇಟಿಂಗ್ ಬಿಸಿಯಾಗಿ ಮೈ ಉಬ್ಬಿದರೂ ಕಿರಣ ಕೆಡುತ್ತದೆ.

ನಾನು ಹೊರಡುವ ಮುನ್ನ ಸಂಶೋಧಕಿ ಕ್ಯಾಮೆರಾ ಪರದೆಯಲ್ಲಿ ಚುಕ್ಕೆಯನ್ನು ಹಿಗ್ಗಿಸಿ ತೋರಿಸಿದರು. ದುಂಡಗಿರಲಿಲ್ಲ, ಮೇಲೆ ಕೆಳಗೆ ಎಳೆದಂತಿತ್ತು. ಬೆಸುಗೆ ಹಾಕುವಾಗ ಡಯೋಡ್ ಪಟ್ಟಿ ಒಂದೆರಡು ಮೈಕ್ರಾನ್ ಬಾಗಿದೆಯಂತೆ. ಈ ಬಾಗನ್ನು ಈ ರಂಗದಲ್ಲಿ ‘ಸ್ಮೈಲ್’ ಎನ್ನುತ್ತಾರೆ. ಮರುದಿನ ಬೇರೆ ಪಟ್ಟಿ ಕೂರಿಸುವುದಾಗಿ ಹೇಳಿ, ಅವರು ಮತ್ತೆ ತಿರುಪಿಗೆ ಕೈ ಹಾಕಿದರು.